ಸ್ಟ್ರೈಪ್ಡ್ ಬಾಸ್ ಯಾಕೆ ಕಮ್ಮಿ ಆಗ್ತಿದೆ, ಗಾಳ ಹಾಕೋರು ಏನ್ ಮಾಡ್ತಿದ್ದಾರೆ: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ಪೂರ್ವ ಕರಾವಳಿಯಲ್ಲಿ, ಅಂದ್ರೆ ನ್ಯೂಜೆರ್ಸಿ, ಬಾಸ್ಟನ್, ಮೇರಿಲ್ಯಾಂಡ್ ಕಡೆ ಇರೋ ಕನ್ನಡದೋರಲ್ಲಿ ವೀಕೆಂಡ್ ಬಂದ್ರೆ ರಾಡು ಹಿಡ್ಕೊಂಡು ನೀರಿನ ಕಡೆ ಹೋಗೋರು ಸುಮಾರು ಜನ ಇದ್ದೀವಿ. ಹೊಸದಾಗಿ ಶುರು ಮಾಡಿದೋರು ಕೇಳೋ ಪ್ರಶ್ನೆಗಳೆಲ್ಲ ಹೆಚ್ಚೂ ಕಮ್ಮಿ ಒಂದೇ ಥರ ಇರತ್ತೆ, ಅದಕ್ಕೇ ಗೊತ್ತಿರೋದನ್ನೆಲ್ಲ ಒಂದು ಕಡೆ ಬರೆದಿಡ್ತಾ ಇದೀನಿ. ಈ ಮೀನು ಅಂದ್ರೆ ನನಗೆ ಪ್ರಾಣ, ಹಾಗಾಗಿ ಕೆಲವು ಕಡೆ ಉತ್ತರ ಉದ್ದ ಆಗಿದೆ.

ಇದು ಯಾವ ಮೀನು, ಇದಕ್ಕೆ ಯಾಕಿಷ್ಟು ಮಹತ್ವ?

ಬೆಳ್ಳಿ ಬಣ್ಣದ ಮೈ ಮೇಲೆ ತಲೆಯಿಂದ ಬಾಲದ ತನಕ ಏಳೆಂಟು ಕಪ್ಪು ಗೆರೆ ಇರತ್ತೆ, ಅದನ್ನ ನೋಡಿದ್ರೆ ಬೇರೆ ಯಾವ ಮೀನು ಅಂತಾನೂ ಅನ್ಸಲ್ಲ. ನ್ಯೂಜೆರ್ಸಿಯಿಂದ ಮೇಲಕ್ಕೆ ಸ್ಟ್ರೈಪರ್ ಅಂತಾರೆ, ಚೆಸಪೀಕ್ ಕೊಲ್ಲಿ ಕಡೆ ರಾಕ್‌ಫಿಶ್ ಅಂತಾರೆ, ಎರಡೂ ಒಂದೇ. ಮೇರಿಲ್ಯಾಂಡ್ ರಾಜ್ಯದ ಮೀನೇ ಇದು. 30 ವರ್ಷದ ತನಕ ಬದುಕತ್ತೆ, 50 ಪೌಂಡ್ ದಾಟಿದ ಹೆಣ್ಣು ಮೀನುಗಳು ಈಗಲೂ ಸಿಗತ್ತೆ, 2011ರಲ್ಲಿ ಲಾಂಗ್ ಐಲ್ಯಾಂಡ್ ಸೌಂಡ್‌ನಲ್ಲಿ 81 ಪೌಂಡ್ ದಾಟಿದ್ದು ಸಿಕ್ಕಿ ವರ್ಲ್ಡ್ ರೆಕಾರ್ಡ್ ಆಯ್ತು.

ಬೆಳೆಯೋದು ಸಮುದ್ರದಲ್ಲಿ, ಮೊಟ್ಟೆ ಇಡೋದು ಮಾತ್ರ ನದಿಯ ಸಿಹಿನೀರಲ್ಲಿ. ಚೆಸಪೀಕ್ ಕೊಲ್ಲಿಗೆ ಸೇರೋ ನದಿಗಳು, ಹಡ್ಸನ್, ಡೆಲಾವೇರ್, ಇವೇ ಮುಖ್ಯ ತವರು, ಅದರಲ್ಲೂ ಚೆಸಪೀಕ್ ಒಂದರಿಂದಲೇ ಕರಾವಳಿಯ ಬಹುಪಾಲು ಮೀನು ಬರತ್ತೆ. ಅಲ್ಲಿ ಹುಟ್ಟಿದ್ದು ದೊಡ್ಡದಾಗಿ ಬೇಸಿಗೆಗೆ ಉತ್ತರದ ಮೇನ್ ರಾಜ್ಯದ ತನಕ ಈಜ್ಕೊಂಡು ಹೋಗಿ, ಚಳಿಗಾಲಕ್ಕೆ ವರ್ಜೀನಿಯಾ, ನಾರ್ತ್ ಕೆರೊಲಿನಾ ಕಡೆ ಇಳಿಯತ್ತೆ. ಹಾಗಾಗಿ ಮೇರಿಲ್ಯಾಂಡ್‌ನ ಒಂದು ನದೀಲಿ ಏನಾದ್ರೂ ಎಡವಟ್ಟಾದ್ರೆ ಏಳೆಂಟು ವರ್ಷ ಆದ್ಮೇಲೆ ಮ್ಯಾಸಚೂಸೆಟ್ಸ್‌ನಲ್ಲಿ ಗಾಳ ಹಾಕೋನಿಗೆ ಅದು ತಟ್ಟತ್ತೆ.

ನಿಜವಾಗ್ಲೂ ಕಮ್ಮಿ ಆಗಿದ್ಯಾ? ನ್ಯೂಜೆರ್ಸಿಯ ರ್‍ಯಾರಿಟನ್ ಬೇನಲ್ಲಿ ವಸಂತದಲ್ಲಿ ಎಸೆದ್ರೆ ಸಾಕು ಸಿಗತ್ತಲ್ಲ?

ಈ ಪ್ರಶ್ನೆ ಕೇಳದೇ ಇರೋರೇ ಇಲ್ಲ. ಹೌದು, ರ್‍ಯಾರಿಟನ್ ಬೇಗೆ ಎಪ್ರಿಲ್ ಮೇ ತಿಂಗಳಲ್ಲಿ, ಮತ್ತೆ ನವೆಂಬರ್ ಹೊತ್ತಿಗೆ ನ್ಯೂಜೆರ್ಸಿ ಬೀಚುಗಳಿಗೆ ಮೀನು ಗುಂಪು ಗುಂಪಾಗಿ ಬರತ್ತೆ. ಸ್ಟ್ರೈಪರ್ ತಿನ್ನೋ ಬಂಕರ್ ಅನ್ನೋ ಮೀನು ಎಲ್ಲಿದ್ಯೋ ಅಲ್ಲಿಗೆ ಉಳಿದಿರೋ ಸ್ಟ್ರೈಪರ್ ಎಲ್ಲ ಬಂದು ಸೇರ್ಕೊಳ್ಳತ್ತೆ. ಅಲ್ಲಿ ನಿಂತೋನಿಗೆ ಸಮುದ್ರ ತುಂಬಾ ಮೀನೇ ಇದೆ ಅನ್ಸತ್ತೆ, ಅದೇ ದಿನ ಬೇರೆ ಹತ್ತು ಕಡೆ ಮೀನೇ ಇರಲ್ಲ. ಇನ್ನೊಂದು ವಿಷಯ ಏನಂದ್ರೆ ಸಿಗ್ತಿರೋದು ಯಾವ ಸೈಜು ಅಂತ ನೋಡ್ಬೇಕು, ಈಗ ಸಿಗ್ತಿರೋದ್ರಲ್ಲಿ ಜಾಸ್ತಿ 2015 ಮತ್ತು 2018ರಲ್ಲಿ ಹುಟ್ಟಿದ ದೊಡ್ಡ ಮೀನುಗಳು, ಅದರ ಹಿಂದೆ ಬರಬೇಕಾಗಿದ್ದ 16, 18, 20 ಇಂಚಿನ ಚಿಕ್ಕ ಮೀನುಗಳ ಸಾಲೇ ತೆಳ್ಳಗಾಗಿದೆ. ದೊಡ್ಡದು ಸಿಗ್ತಿದೆ ಅಂತ ಖುಷಿ ಪಡೋ ಹೊತ್ತಲ್ಲಿ ಚಿಕ್ಕದು ಯಾಕೆ ಸಿಗ್ತಿಲ್ಲ ಅಂತ ಕೇಳ್ಕೊಬೇಕು, ನನ್ನ ಪ್ರಕಾರ ಅದೇ ಭಯ ಹುಟ್ಟಿಸೋ ಲಕ್ಷಣ.

ಲೆಕ್ಕ ಬೇಕಂದ್ರೆ, ಪೂರ್ವ ಕರಾವಳಿಯ ರಾಜ್ಯಗಳೆಲ್ಲ ಸೇರಿ ಮಾಡ್ಕೊಂಡಿರೋ ಅಟ್ಲಾಂಟಿಕ್ ಸ್ಟೇಟ್ಸ್ ಮರೀನ್ ಫಿಶರೀಸ್ ಕಮಿಷನ್ ಅಂತ ಇದೆ, 1942ರಿಂದ ಇದೆ, ಈ ಮೀನಿನ ರೂಲ್ಸ್ ಮಾಡೋದು ಅವರೇ. ಮೊಟ್ಟೆ ಇಡೋ ವಯಸ್ಸಿಗೆ ಬಂದ ಹೆಣ್ಣು ಮೀನುಗಳ ಒಟ್ಟು ತೂಕ ಎಷ್ಟಿದೆ ಅಂತ ಅವರು ಅಂದಾಜು ಮಾಡ್ತಾರೆ. 2019ರಲ್ಲಿ ಬಂದ ವರದಿಯಲ್ಲಿ ಇದು ಮಿತಿ ಮೀರಿ ಹಿಡಿದು ಕುಸಿದಿರೋ ಮೀನು ಅಂತ ಅಧಿಕೃತವಾಗಿ ಹೇಳಿದ್ರು. 2024ರ ವರದಿ ಪ್ರಕಾರ 2023ರಲ್ಲಿ ಆ ತೂಕ ಸುಮಾರು 19.1 ಕೋಟಿ ಪೌಂಡ್, ಕೆಳಗಿಳೀಬಾರದ ಗೆರೆ 19.7 ಕೋಟಿ, ಮುಟ್ಟಬೇಕಾದ ಗುರಿ 24.7 ಕೋಟಿ. ಗೆರೆ ಹತ್ತಿರ ಇದೆ ಅಂತ ಸಮಾಧಾನ ಮಾಡ್ಕೊಳ್ಳೋರಿದ್ದಾರೆ, ಆದ್ರೆ ಮುಂದೆ ಬರೋ ಮರಿಗಳ ಲೆಕ್ಕ ನೋಡಿದ್ರೆ ಆ ಸಮಾಧಾನ ಉಳಿಯಲ್ಲ.

ಹಿಂದೆ ಒಂದ್ಸಲ ಹೀಗೇ ಆಗಿ ಮತ್ತೆ ಸರಿಹೋಗಿತ್ತಂತಲ್ಲ?

ಆಗಿತ್ತು, ಇದಕ್ಕಿಂತ ಭೀಕರವಾಗಿ. 1973ರಲ್ಲಿ ಮಾರಾಟಕ್ಕೆ ಹಿಡಿಯೋರು ಸುಮಾರು 1.5 ಕೋಟಿ ಪೌಂಡ್ ಹಿಡಿದಿದ್ರು, ಹತ್ತೇ ವರ್ಷದಲ್ಲಿ, 1983ಕ್ಕೆ ಅದು 35 ಲಕ್ಷಕ್ಕೆ ಬಿತ್ತು. ಆಗ ಕೂಗು ಎಬ್ಬಿಸಿದೋರಲ್ಲಿ ಗಾಳದವರೂ ಇದ್ರು, ಅದನ್ನ ಮರೀಬಾರ್ದು. ಬಾಬ್ ಪಾಂಡ್ ಅಂತ, ಮ್ಯಾಸಚೂಸೆಟ್ಸ್‌ನಲ್ಲಿ ಆಟಮ್ ಅನ್ನೋ ಮರದ ಲ್ಯೂರ್ (ಮೀನನ್ನ ಸೆಳೆಯೋ ನಕಲಿ ಎರೆ) ಮಾಡಿ ಹೆಸರು ಮಾಡಿದವರು, ಸ್ಟ್ರೈಪರ್ ಹಿಡಿಯೋದಕ್ಕೆ ಸಾಮಾನು ಮಾರೋ ಮನುಷ್ಯನೇ ಮೀನು ಮುಳುಗ್ತಿದೆ ಅಂತ ಬೇರೆಯವರಿಗಿಂತ ಎಷ್ಟೋ ಮುಂಚೆ ಹೇಳೋಕೆ ಶುರು ಮಾಡಿದ್ರು, ಸ್ಟ್ರೈಪರ್ಸ್ ಅನ್‌ಲಿಮಿಟೆಡ್ ಅಂತ ಸಂಘಾನೂ ಕಟ್ಟಿದ್ರು. ರೋಡ್ ಐಲ್ಯಾಂಡ್‌ನ ಸೆನೆಟರ್ ಜಾನ್ ಚೇಫಿ 1979ರಲ್ಲಿ ತುರ್ತು ಅಧ್ಯಯನಕ್ಕೆ ಕಾನೂನು ತಂದ್ರು, 1984ರಲ್ಲಿ ಸ್ಟ್ರೈಪ್ಡ್ ಬಾಸ್ ಕಾಯ್ದೆ ಬಂತು, ಅದರಲ್ಲಿ ಹಲ್ಲಿತ್ತು, ಕಮಿಷನ್ ಹೇಳಿದ್ದನ್ನ ಮಾಡದ ರಾಜ್ಯದ ಮೀನುಗಾರಿಕೆಯನ್ನೇ ಕೇಂದ್ರ ಸರ್ಕಾರ ಮುಚ್ಚಿಸಬಹುದಿತ್ತು.

1985ರಿಂದ 1990ರ ತನಕ ಮೇರಿಲ್ಯಾಂಡ್ ಪೂರ್ತಿ ಬಂದ್ ಮಾಡ್ತು, ಡೆಲಾವೇರ್ ಕೂಡ ಮಾಡ್ತು, ಆಮೇಲೆ ವರ್ಜೀನಿಯಾ. ಬೇರೆ ರಾಜ್ಯಗಳು ಮೀನಿನ ಅಳತೆ ಮಿತಿಯನ್ನ ಮೇಲಕ್ಕೆ ಮೇಲಕ್ಕೆ ಏರಿಸಿದ್ವು, 1982ರಲ್ಲಿ ಹುಟ್ಟಿದ ಹೆಣ್ಣು ಮೀನುಗಳು ಒಂದ್ಸಲನಾದ್ರೂ ಮೊಟ್ಟೆ ಇಡೋ ತನಕ ಯಾರೂ ಮುಟ್ಟಬಾರದು ಅನ್ನೋದೇ ಲೆಕ್ಕ. 1989ರಲ್ಲಿ ಮರಿ ಚೆನ್ನಾಗಿ ಹುಟ್ತು, ಬಂದ್ ಮಾಡಿದ್ದನ್ನ ನಿಧಾನಕ್ಕೆ ತೆಗೆದ್ರು, 1995ರಲ್ಲಿ ಚೇತರಿಸ್ಕೊಂಡಿದೆ ಅಂತ ಘೋಷಣೆ ಆಯ್ತು. ಅಂದ್ರೆ ಸಾಯಿಸೋದು ನಿಲ್ಸಿ ಒಳ್ಳೆ ವಸಂತಕ್ಕೆ ಕಾದ್ರು, ಅದು ಬಂದಾಗ ಮೊಟ್ಟೆ ಇಡೋಕೆ ತಾಯಂದಿರು ನೀರಲ್ಲಿ ಇದ್ರು.

ಮರಿಗಳ ಲೆಕ್ಕ ಹೇಗೆ ಮಾಡ್ತಾರೆ?

ಮೇರಿಲ್ಯಾಂಡ್‌ನೋರು 1954ರಿಂದ ಇದನ್ನ ಬಿಡದೆ ಮಾಡ್ಕೊಂಡು ಬಂದಿದ್ದಾರೆ. ಚಾಪ್‌ಟ್ಯಾಂಕ್, ನ್ಯಾಂಟಿಕೋಕ್, ಪೊಟೋಮ್ಯಾಕ್ ನದಿ, ಆಮೇಲೆ ಕೊಲ್ಲಿಯ ಮೇಲ್ಭಾಗ, ಈ ನಾಲ್ಕು ಕಡೆ ಸೇರಿ 22 ಜಾಗ, ಬೇಸಿಗೆಯಲ್ಲಿ ಮೂರು ಸುತ್ತು. ದಡದಲ್ಲಿ ಒಬ್ಬರು 100 ಅಡಿ ಬಲೆಯ ಒಂದು ತುದಿ ಹಿಡ್ಕೊಂಡಿರ್ತಾರೆ, ಇನ್ನೊಬ್ಬರು ಅದರ ಇನ್ನೊಂದು ತುದಿ ಎಳ್ಕೊಂಡು ನೀರಿಗಿಳಿದು ಸುತ್ತು ಹಾಕ್ಕೊಂಡು ವಾಪಸ್ ದಡಕ್ಕೆ ಬರ್ತಾರೆ, ಬಲೆ ಮರಳಿಗೆ ಬಂದ್ಮೇಲೆ ಅದರಲ್ಲಿ ಬಿದ್ದ ಬೆರಳುದ್ದದ ಮೀನುಗಳನ್ನ ಜಾತಿ ಬೇರೆ ಮಾಡಿ ಎಣಿಸಿ ಬಿಡ್ತಾರೆ. ಒಂದು ಎಳೆತಕ್ಕೆ ಸರಾಸರಿ ಎಷ್ಟು ಸ್ಟ್ರೈಪರ್ ಮರಿ ಬಿತ್ತು ಅನ್ನೋದೇ ಆ ವರ್ಷದ ಅಂಕಿ.

ಇಷ್ಟು ವರ್ಷದ ಸರಾಸರಿ 11ರ ಆಸುಪಾಸು. 1996ರಲ್ಲಿ 59 ಬಂದಿತ್ತು, 2011ರಲ್ಲಿ ಸುಮಾರು 35, 2015ರಲ್ಲಿ 24. ಆಮೇಲೆ ನೋಡಿ, 2019ರಲ್ಲಿ 3.4, 2020ರಲ್ಲಿ 2.5, 2021ರಲ್ಲಿ 3.2, 2022ರಲ್ಲಿ 3.6, 2023ರಲ್ಲಿ ಬರೀ 1.0, 2024ರಲ್ಲಿ 2.0, 2025ರಲ್ಲಿ 4.0. ಒಂದೆರಡು ವರ್ಷ ಕೆಟ್ಟದಾಗೋದು ಈ ಮೀನಿಗೆ ಮಾಮೂಲು, 2012ರಲ್ಲಿ 0.9 ಬಂದಿತ್ತು, ಅದೇನೂ ಹೊಸದಲ್ಲ, ಆದ್ರೆ ಸಾಲಾಗಿ ಏಳು ವರ್ಷ ಹೀಗಾದ್ರೆ ಸುಮ್ನೆ ಕೂರೋ ಹಾಗಿಲ್ಲ.

ಮರಿ ಯಾಕೆ ಉಳೀತಿಲ್ಲ?

ಮೊಟ್ಟೆ ಇಡೋ ಹೆಣ್ಣು ಮೀನು ಇನ್ನೂ ಇದೆ, ಒಂದೊಂದು ದೊಡ್ಡ ಹೆಣ್ಣು ಲಕ್ಷಗಟ್ಟಲೆ ಮೊಟ್ಟೆ ಇಡತ್ತೆ. ಎಡವಟ್ಟಾಗ್ತಿರೋದು ಮೊಟ್ಟೆ ಒಡೆದ ಮೇಲೆ. ಮೊಟ್ಟೆ ನೀರಿನ ಹರಿವಲ್ಲಿ ತೇಲ್ತಾ ಇರಬೇಕು, ತಳಕ್ಕೆ ಕೂತ್ರೆ ಹೂಳಲ್ಲಿ ಮುಚ್ಚಿಹೋಗತ್ತೆ. ಎರಡು ಮೂರು ದಿನದಲ್ಲಿ ಮರಿ ಆಚೆ ಬರತ್ತೆ, ಇನ್ನೊಂದಷ್ಟು ದಿನ ಹೊಟ್ಟೆಗಂಟ್ಕೊಂಡಿರೋ ಹಳದಿ ಭಾಗದ ಮೇಲೆ ಬದುಕತ್ತೆ, ಅದು ಮುಗಿದ ಕೂಡ್ಲೇ ಬಾಯಿಗೆ ಸಿಗೋ ಹಾಗೆ ಸುತ್ತಲೂ ಕಣ್ಣಿಗೆ ಕಾಣದಷ್ಟು ಸಣ್ಣ ನೀರುಹುಳ, ಅದೇ ಝೂಪ್ಲ್ಯಾಂಕ್ಟನ್, ತುಂಬಿರಬೇಕು. ಚಳಿಗಾಲ ಚಳಿಯಾಗಿದ್ದು, ಹಿಮ ಮಳೆ ಚೆನ್ನಾಗಿ ಬಿದ್ದು, ವಸಂತದಲ್ಲಿ ನದಿ ತುಂಬಿ ಹರಿದ್ರೆ ಈ ಹುಳ ಸರಿಯಾದ ಹೊತ್ತಿಗೆ ಸರಿಯಾದ ಜಾಗದಲ್ಲಿ ಹೆಚ್ಚಾಗತ್ತೆ, ಮೀನಿನ ಮರಿ ಕೂಡ ಅದೇ ಹೊತ್ತಿಗೆ ಬರತ್ತೆ. ಚಳಿಗಾಲ ಬೆಚ್ಚಗಿದ್ದು ನದಿ ಸೊರಗಿದ್ರೆ ಊಟ ಒಂದು ಹೊತ್ತಿಗೆ, ಮರಿ ಇನ್ನೊಂದು ಹೊತ್ತಿಗೆ. ಇತ್ತೀಚಿನ ವರ್ಷಗಳಲ್ಲಿ ಬೆಚ್ಚಗಿನ ಚಳಿಗಾಲ, ಕಮ್ಮಿ ಹರಿವು, ಇವೇ ಜಾಸ್ತಿ ಕಂಡಿರೋದು, ಮೇರಿಲ್ಯಾಂಡ್‌ನ ಮೀನುಗಾರಿಕೆ ಇಲಾಖೆ ಕೂಡ ಇದನ್ನೇ ಮುಂದಿಡತ್ತೆ.

ಇದನ್ನ ಗಾಳದವರು ಸರಿ ಮಾಡೋಕಾಗಲ್ಲ. ಹಾಗಂತ "ಹವಾಮಾನ ಕಾರಣ, ನಾವೇನು ಮಾಡೋಣ" ಅಂತ ಕೈ ತೊಳ್ಕೊಳ್ಳೋ ಮಾತು ನಾನು ಒಪ್ಪಲ್ಲ. ಆದಾಯ ನಿಂತಾಗ ಖರ್ಚು ಕಡಿಮೆ ಮಾಡ್ತೀವಲ್ಲ, ಇಲ್ಲೂ ಅಷ್ಟೇ.

ಬ್ಲೂ ಕ್ಯಾಟ್‌ಫಿಶ್ ಮರಿಗಳನ್ನ ತಿಂದು ಹಾಕ್ತಿದೆ ಅಂತಾರೆ?

ಅದೂ ಒಂದು ಕಾರಣ ಇರಬಹುದು. 1970ರ ದಶಕದಲ್ಲಿ ವರ್ಜೀನಿಯಾದ ನದಿಗಳಿಗೆ ಗಾಳದವರ ಖುಷಿಗೆ ಅಂತಾನೇ ತಂದು ಬಿಟ್ಟಿದ್ದು, ಈಗ ಚೆಸಪೀಕ್‌ನ ಸುಮಾರು ಎಲ್ಲ ನದೀಲೂ ಇದೆ, ಉಪ್ಪುನೀರನ್ನೂ ಸ್ವಲ್ಪ ತಡ್ಕೊಳ್ಳತ್ತೆ, ಏಡಿ, ಮೀನು, ಸಿಕ್ಕಿದ್ದೆಲ್ಲ ತಿನ್ನತ್ತೆ, ಬೆಳೆದ್ರೆ 100 ಪೌಂಡ್ ತನಕ ಹೋಗತ್ತೆ. 2023ರಲ್ಲಿ ಮೇರಿಲ್ಯಾಂಡ್ ಗವರ್ನರ್ ಇದನ್ನ ಮೀನುಗಾರಿಕೆ ವಿಪತ್ತು ಅಂತ ಘೋಷಿಸಿ ಅಂತ ಕೇಂದ್ರಕ್ಕೆ ಬರೆದಿದ್ರು. ಆ ಕಡೆ ಇರೋರಿಗೆ ನನ್ನ ಸಲಹೆ, ಸ್ಟ್ರೈಪರ್ ಬಿಟ್ಟು ಇದನ್ನ ಹಿಡೀರಿ. ಮಾಂಸ ಬೆಳ್ಳಗಿರತ್ತೆ, ಮುಳ್ಳು ಕಮ್ಮಿ, ಸಾರಿಗೂ ಫ್ರೈಗೂ ಚೆನ್ನಾಗಿರತ್ತೆ, ಪುಳಿಮುಂಚಿ ಮಾಡಿದ್ರೆ ಮಂಗಳೂರು ಕಡೆಯೋರೂ ಬೇಡ ಅನ್ನಲ್ಲ. ದೊಡ್ಡ ಮೀನಲ್ಲಿ ವಿಷಾಂಶ ಜಾಸ್ತಿ ಇರೋದ್ರಿಂದ ಚಿಕ್ಕದನ್ನೇ ಅಡುಗೆಗೆ ಇಟ್ಕೊಳ್ಳಿ.

ಬಂಕರ್ ಮೀನನ್ನ ಫ್ಯಾಕ್ಟರಿಯೋರು ಬಾಚ್ಕೊಂಡು ಹೋಗೋದ್ರಿಂದ ಅಲ್ವಾ?

ಬಂಕರ್ ಅಂದ್ರೆ ಮೆನ್‌ಹೇಡನ್, ನಮ್ಮ ಬೂತಾಯಿ ಥರ ಎಣ್ಣೆ ಜಾಸ್ತಿ ಇರೋ ಮೀನು, ಸ್ಟ್ರೈಪರ್‌ಗೆ ಮುಖ್ಯ ಊಟ. ವರ್ಜೀನಿಯಾದ ರೀಡ್‌ವಿಲ್‌ನಲ್ಲಿ ಇದನ್ನ ಹಿಂಡಿ ಮೀನೆಣ್ಣೆ, ಮೀನುಹುಡಿ ಮಾಡೋ ಕಾರ್ಖಾನೆ ಇದೆ, ಪೂರ್ವ ಕರಾವಳಿಯಲ್ಲಿ ಉಳಿದಿರೋದು ಅದೊಂದೇ. ಕೊಲ್ಲಿ ಒಳಗೆ ವರ್ಷಕ್ಕೆ 51,000 ಟನ್ ಮಿತಿ ಇದೆ. 2020ರಿಂದ ಮೆನ್‌ಹೇಡನ್ ಕೋಟಾ ಇಡೋವಾಗ ಸ್ಟ್ರೈಪರ್‌ಗೆ ಎಷ್ಟು ಊಟ ಬೇಕು ಅನ್ನೋದನ್ನೂ ಲೆಕ್ಕಕ್ಕೆ ತಗೊಳ್ತಿದ್ದಾರೆ, ಇದು ನಿಜಕ್ಕೂ ದೊಡ್ಡ ಹೆಜ್ಜೆ. ಕರಾವಳಿ ಪೂರ್ತಿ ನೋಡಿದ್ರೆ ಬಂಕರ್ ಕುಸಿದಿದೆ ಅಂತ ವರದಿಗಳು ಹೇಳಲ್ಲ, ಆದ್ರೆ ಕೊಲ್ಲಿಯಂಥ ಒಂದು ಜಾಗದಿಂದ ಅಷ್ಟೊಂದು ತೆಗೆದ್ರೆ ಅಲ್ಲೇ ಬೆಳೆಯೋ ಚಿಕ್ಕ ಸ್ಟ್ರೈಪರ್‌ಗೆ ಏನಾಗತ್ತೆ ಅನ್ನೋ ಗಾಳದವರ ಪ್ರಶ್ನೆ ನ್ಯಾಯವಾದದ್ದು. ಹಾಗಂತ ಮರಿ ಕಮ್ಮಿ ಆಗೋದಕ್ಕೆ ಇದೇ ಮೂಲ ಅನ್ನೋದು ಸರಿಯಲ್ಲ, ಬೆರಳುದ್ದದ ಮರಿ ಬಂಕರ್ ತಿನ್ನೋ ವಯಸ್ಸಿಗೇ ಬಂದಿರಲ್ಲ.

ಮೈ ಮೇಲೆ ಕೆಂಪು ಹುಣ್ಣಿರೋ ಮೀನು ಸಿಕ್ತು, ಏನದು?

ಚೆಸಪೀಕ್ ಮೀನಾದ್ರೆ ಮೈಕೋಬ್ಯಾಕ್ಟೀರಿಯೋಸಿಸ್ ಇರಬಹುದು, 1997ರಲ್ಲಿ ಅಲ್ಲಿ ಪತ್ತೆ ಆದ ಕಾಯಿಲೆ. ಒಳಗೆ ಗುಲ್ಮದಲ್ಲಿ ಗಂಟು ಕಟ್ಟತ್ತೆ, ಹೊರಗೆ ಹೊಟ್ಟೆ ಪಕ್ಕದಲ್ಲಿ ಹುರುಪೆ ಕಿತ್ತುಹೋಗಿ ಹಸಿ ಹುಣ್ಣು ಕಾಣತ್ತೆ, ಮೀನು ಉದ್ದ ಇದ್ರೂ ಬೆನ್ನು ಸಣಕಲಾಗಿರತ್ತೆ. ಬೇಸಿಗೆಯಲ್ಲಿ ಕೊಲ್ಲಿಯ ತಳದಲ್ಲಿ ಆಮ್ಲಜನಕ ಖಾಲಿ, ಮೇಲೆ ನೀರು ಕುದಿಯೋ ಹಾಗೆ ಬಿಸಿ, ತಣ್ಣೀರು ಇಷ್ಟಪಡೋ ಮೀನಿಗೆ ಮಧ್ಯದಲ್ಲಿ ಒಂದು ತೆಳು ಪದರ ಮಾತ್ರ ಉಳಿಯತ್ತೆ, ಹೊಲಗಳ ಗೊಬ್ಬರ ಮತ್ತೆ ಊರಿನ ಕೊಳಚೆ ನೀರು ನದಿಗೆ ಸೇರೋದೇ ಇದಕ್ಕೆ ಮೂಲ. ಹಾಗೆ ಒತ್ತಡದಲ್ಲಿರೋ ಮೀನಿಗೆ ಕಾಯಿಲೆ ಜೋರಾಗತ್ತೆ. ನಿಮ್ಮ ಕೈಯಲ್ಲಿ ಗಾಯ ಇದ್ರೆ ಅಂಥ ಮೀನು ಮುಟ್ಟಬೇಡಿ, ಮನುಷ್ಯರ ಚರ್ಮಕ್ಕೂ ಹತ್ತತ್ತೆ, ಮುಟ್ಟಿದ್ರೆ ಸೋಪು ಹಾಕಿ ಕೈ ತೊಳ್ಕೊಳ್ಳಿ.

ಸೀಲ್‌ಗಳು ತಿಂತಿವೆ ಅಂತಾರಲ್ಲ ಮ್ಯಾಸಚೂಸೆಟ್ಸ್‌ನ ಕೇಪ್ ಕಾಡ್‌ನೋರು?

ತಿನ್ನತ್ತೆ, ಗಾಳಕ್ಕೆ ಬಿದ್ದ ಮೀನನ್ನೂ ಕಿತ್ಕೊಳ್ಳತ್ತೆ, ನೋಡಿದೋರಿಗೆ ಸಿಟ್ಟು ಬರೋದು ಸಹಜ. ಆದ್ರೆ ಕುಸಿತಕ್ಕೆ ಅದು ಕಾರಣ ಅಂತ ಹೇಳೋಕೆ ಆಧಾರ ಇಲ್ಲ.

ಬಲೆ ಹಾಕಿ ಮಾರೋರೇ ಅಲ್ವಾ ಜಾಸ್ತಿ ಹಿಡಿಯೋದು?

ಅಲ್ಲ. ಇದನ್ನ ಕೇಳಿದ್ರೆ ನಮ್ಮ ಗಾಳದವರಿಗೆ ಬೇಜಾರಾಗತ್ತೆ, ಆದ್ರೂ ಹೇಳಲೇಬೇಕು. ಸಾಯೋ ಸ್ಟ್ರೈಪರ್‌ನಲ್ಲಿ ಹತ್ತರಲ್ಲಿ ಎಂಟೊಂಬತ್ತು ಪಾಲು ನಮ್ಮಂಥ ಹವ್ಯಾಸಿಗಳ ಕಡೆಯಿಂದ. ನ್ಯೂಜೆರ್ಸಿ, ಕನೆಕ್ಟಿಕಟ್, ನ್ಯೂ ಹ್ಯಾಂಪ್‌ಶೈರ್, ಮೇನ್, ಇಲ್ಲೆಲ್ಲ ಈ ಮೀನನ್ನ ಹಿಡಿದು ಮಾರೋ ಹಾಗೇ ಇಲ್ಲ. ಮಾರಾಟ ಇರೋ ಕಡೆ ಕೋಟಾ ಇದೆ, ಪ್ರತಿ ಮೀನಿಗೂ ಟ್ಯಾಗ್ ಹಾಕ್ಬೇಕು. ದಡದಿಂದ ಮೂರು ಮೈಲಿ ಆಚೆಯ ಕೇಂದ್ರ ಸರ್ಕಾರದ ನೀರಲ್ಲಂತೂ 1990ರಿಂದ ಯಾರೂ ಈ ಮೀನು ಇಟ್ಕೊಳ್ಳೋ ಹಾಗಿಲ್ಲ, ಮಾರೋರೂ ಅಷ್ಟೇ ನಾವೂ ಅಷ್ಟೇ. ಕಳ್ಳತನ ನಡಿಯಲ್ಲ ಅಂತಲ್ಲ, ಚೆಸಪೀಕ್‌ನಲ್ಲಿ ಅಕ್ರಮ ಬಲೆ ಹಾಕಿ ಜೈಲಿಗೆ ಹೋದೋರಿದ್ದಾರೆ. ಆದ್ರೆ ಬೇರೆಯವರನ್ನ ತೋರಿಸಿ ನಮ್ಮ ಪಾಲನ್ನ ಮುಚ್ಚಿಡೋದು ಮೀನಿಗೆ ಮಾಡೋ ಅನ್ಯಾಯ.

ನಾನು ಹಿಡಿದಿದ್ದನ್ನೆಲ್ಲ ವಾಪಸ್ ಬಿಡ್ತೀನಿ, ನನ್ನಿಂದ ಏನು ತೊಂದ್ರೆ?

ಬಿಟ್ಟ ಮೀನಲ್ಲಿ 100ಕ್ಕೆ 9 ಆಮೇಲೆ ಸಾಯತ್ತೆ ಅಂತ ಕಮಿಷನ್ ಲೆಕ್ಕ ಹಿಡಿಯತ್ತೆ. 9 ತಾನೇ ಅನ್ನಿಸಬಹುದು, ಆದ್ರೆ ಗಾಳದವರು ಹಿಡಿಯೋ ಹತ್ತು ಸ್ಟ್ರೈಪರ್‌ನಲ್ಲಿ ಸುಮಾರು ಒಂಬತ್ತನ್ನ ಬಿಡ್ತಾರೆ, ವರ್ಷಕ್ಕೆ ಕೋಟಿಗಟ್ಟಲೆ ಮೀನು, ಅದರಲ್ಲಿ ನೂರಕ್ಕೆ ಒಂಬತ್ತು ಅಂದ್ರೆ ಲಕ್ಷಗಟ್ಟಲೆ. 2017ರಲ್ಲಿ ಮೀನುಗಾರಿಕೆಯಿಂದ ಸತ್ತ ಸ್ಟ್ರೈಪರ್‌ನಲ್ಲಿ 48% ಹೀಗೆ ಬಿಟ್ಟಮೇಲೆ ಸತ್ತಿದ್ದು, ಮನೆಗೆ ತಗೊಂಡು ಹೋಗಿ ತಿಂದಿದ್ದಕ್ಕಿಂತಲೂ ಜಾಸ್ತಿ.

ಆ 9 ಅನ್ನೋದು ಸರಾಸರಿ. ತಣ್ಣಗಿನ ಉಪ್ಪುನೀರಲ್ಲಿ ಲ್ಯೂರ್‌ಗೆ ಬಿದ್ದು, ತುಟಿಯಲ್ಲಿ ಹುಕ್ ಸಿಕ್ಕಿ, ನೀರಲ್ಲೇ ಬಿಡಿಸಿದ್ರೆ ಅಪಾಯ ತುಂಬಾ ಕಮ್ಮಿ. ಜುಲೈ ತಿಂಗಳ ಬಿಸಿ ನೀರಲ್ಲಿ, ಉಪ್ಪು ಕಮ್ಮಿ ಇರೋ ಕಡೆ, ಎರೆಹುಳನೋ ಬಂಕರ್ ತುಂಡೋ ಹಾಕಿದ ಜೆ ಹುಕ್ (ಇಂಗ್ಲಿಷ್ J ಆಕಾರದ ಮಾಮೂಲಿ ಹುಕ್) ಹೊಟ್ಟೆ ತನಕ ಹೋಗಿ ಸಿಕ್ಕಾಕ್ಕೊಂಡ್ರೆ ಬಹಳ ಸಾಯತ್ತೆ. ಹಾಗಾಗಿ ನಿಮ್ಮ ಮೀನು ಬದುಕತ್ತಾ ಇಲ್ವಾ ಅನ್ನೋದು ಸುಮಾರು ಮಟ್ಟಿಗೆ ನಿಮ್ಮ ಕೈಯಲ್ಲೇ ಇದೆ.

ಸರಿಯಾಗಿ ಬಿಡೋದು ಹೇಗೆ, ಸ್ವಲ್ಪ ಬಿಡಿಸಿ ಹೇಳ್ತೀರಾ?

ಮನೆಯಿಂದ ಹೊರಡೋ ಮುಂಚೆನೇ ಶುರು ಮಾಡಿ. ಲ್ಯೂರಲ್ಲಿರೋ ಮೂರು ಮುಳ್ಳಿನ ಹುಕ್ ತೆಗೆದು ಒಂಟಿ ಹುಕ್ ಹಾಕಿ, ಇಕ್ಕಳದಲ್ಲಿ ಅದರ ತುದಿ ಹತ್ತಿರ ಹಿಂದಕ್ಕೆ ಚಾಚಿರೋ ಸಣ್ಣ ಮುಳ್ಳನ್ನ (ಬಾರ್ಬ್) ಒತ್ತಿ ಚಪ್ಪಟೆ ಮಾಡಿ. ಜೀವಂತ ಅಥವಾ ತುಂಡು ಮೀನು ಎರೆ ಹಾಕೋದಾದ್ರೆ ಸರ್ಕಲ್ ಹುಕ್ಕೇ (ತುದಿ ಒಳಕ್ಕೆ ಬಾಗಿರೋ ದುಂಡನೆ ಹುಕ್) ಹಾಕ್ಬೇಕು, ಅದು ಸಲಹೆ ಅಲ್ಲ, 2021ರಿಂದ ಕಾನೂನು. ಸರ್ಕಲ್ ಹುಕ್ಕಿಗೆ ರಾಡನ್ನ ಜಗ್ಗಿ ಹೊಡೀಬಾರ್ದು, ಮೀನು ಎಳ್ಕೊಂಡು ತಿರುಗಿದಾಗ ನಿಧಾನಕ್ಕೆ ರೀಲ್ ಸುತ್ತಿದ್ರೆ ಬಾಯಿ ಮೂಲೆಗೆ ತಾನಾಗೇ ಕಚ್ಕೊಳ್ಳತ್ತೆ. ತುಂಬಾ ಸಣ್ಣ ರಾಡು, ತೆಳು ದಾರ ಹಾಕಿ ಆಟ ಆಡಿಸ್ತಾ ಕೂತ್ರೆ ಮೀನು ಸುಸ್ತಾಗಿ ಹೋಗತ್ತೆ, ಗಟ್ಟಿ ದಾರ ಹಾಕಿ ಬೇಗ ತನ್ನಿ. ಗ್ಯಾಫ್ ಅಂದ್ರೆ ಕೊಕ್ಕೆ ಕೋಲಿಂದ ಚುಚ್ಚಿ ಎತ್ತೋದು ಈಗ ನಿಷೇಧ.

ಮೀನು ಕಾಲ ಹತ್ತಿರ ಬಂದಾಗ ಕೈ ಒದ್ದೆ ಮಾಡ್ಕೊಳ್ಳಿ, ಒಣ ಕೈ ಅಥವಾ ಒಣ ಬಟ್ಟೆ ಅದರ ಮೈ ಮೇಲಿನ ಲೋಳೆಯನ್ನ ಒರೆಸಿ ಹಾಕತ್ತೆ, ಆ ಲೋಳೆನೇ ಅದಕ್ಕೆ ರಕ್ಷಣೆ. ಕೆಳದವಡೆಯನ್ನ ಹೆಬ್ಬೆರಳಿಟ್ಟು ಹಿಡೀರಿ, ಹಲ್ಲು ಉಪ್ಪು ಕಾಗದದ ಥರ ತರಿತರಿ ಇರತ್ತೆ ಅಷ್ಟೇ, ಕಚ್ಚಲ್ಲ. ಇನ್ನೊಂದು ಕೈ ಹೊಟ್ಟೆ ಕೆಳಗೆ. ಕಿವಿರಿನೊಳಗೆ ಬೆರಳು ಹಾಕ್ಬೇಡಿ. 30 ಪೌಂಡ್ ಮೀನನ್ನ ದವಡೆ ಹಿಡಿದು ನೇರಕ್ಕೆ ನೇತಾಡ್ಸಿ ಫೋಟೋ ತೆಗೆಯೋದು ಎಲ್ಲ ಕಡೆ ಕಾಣತ್ತೆ, ಅದರ ದವಡೆ ಮತ್ತೆ ಒಳಗಿನ ಅಂಗ ಅಷ್ಟು ಭಾರ ತಡಿಯಲ್ಲ, ನೀರಲ್ಲಿ ಬದುಕೋ ಪ್ರಾಣಿ ಅದು. ಫೋಟೋ ಬೇಕೇ ಬೇಕು ಅಂದ್ರೆ ಕ್ಯಾಮೆರಾ ರೆಡಿ ಆದ್ಮೇಲೆ ಅಡ್ಡಡ್ಡ ಎತ್ತಿ, ನೀವು ಉಸಿರು ಹಿಡಿದಷ್ಟು ಹೊತ್ತಲ್ಲಿ ಮುಗಿಸಿ. ಬಿಸಿ ಮರಳಿನ ಮೇಲೆ ಎಳ್ಕೊಂಡು ಬರೋದು, ಅಲೆ ಬಡಿಯೋ ಕಲ್ಲಿನ ಮೇಲೆ ಹಾಕೋದು, ಕಾಲಲ್ಲಿ ಒತ್ತಿ ಹಿಡಿಯೋದು, ದಯವಿಟ್ಟು ಮಾಡ್ಬೇಡಿ.

ಬಿಡೋವಾಗ ತಲೆ ಅಲೆಗೆ ಎದುರಾಗಿ ಇರಲಿ, ಬಾಯಿಂದ ನೀರು ಒಳಗೆ ಹೋಗಿ ಕಿವಿರಿಂದ ಆಚೆ ಬರಬೇಕು. ಸುಸ್ತಾಗಿದ್ರೆ ದವಡೆ ಹಿಡ್ಕೊಂಡು ಕಾಯಿರಿ, ಸ್ವಲ್ಪ ಹೊತ್ತಿಗೆ ನಿಮ್ಮ ಹೆಬ್ಬೆರಳನ್ನ ಅದು ಗಟ್ಟಿಯಾಗಿ ಅದುಮತ್ತೆ, ಆಮೇಲೆ ಬಾಲ ಬೀಸತ್ತೆ, ಆಗ ಕೈ ಬಿಟ್ರೆ ಸಾಕು. ಹುಕ್ಕು ಆಳಕ್ಕೆ ಹೋಗಿದ್ರೆ ಕೀಳೋಕೆ ಹೋಗ್ಬೇಡಿ, ದಾರ ಹತ್ತಿರಕ್ಕೆ ಕತ್ತರಿಸಿ ಬಿಡಿ.

28ರಿಂದ 31 ಇಂಚಿನ ಮೀನು ಮಾತ್ರ ಇಟ್ಕೊಳ್ಳಬಹುದು ಅನ್ನೋ ಸ್ಲಾಟ್ ಯಾಕೆ?

28 ಇಂಚಿಗೆ ಬರೋ ಹೊತ್ತಿಗೆ ಹೆಣ್ಣು ಮೀನಿಗೆ ಸುಮಾರು ಏಳೆಂಟು ವರ್ಷ, ಆ ಹೊತ್ತಿಗೆ ಅದು ಒಂದ್ಸಲನಾದ್ರೂ ಮೊಟ್ಟೆ ಇಟ್ಟಿರತ್ತೆ. ದೊಡ್ಡ ಹೆಣ್ಣುಗಳು ಜಾಸ್ತಿ ಮೊಟ್ಟೆ ಇಡತ್ತೆ, ಅವನ್ನ ಉಳಿಸೋದಕ್ಕೆ ಮೇಲಿನ ಮಿತಿ. 2020ರಲ್ಲಿ ಸಮುದ್ರದಲ್ಲಿ 28ರಿಂದ 35 ಇಂಚಿನೊಳಗೆ ಅಂತ ಮಾಡಿದ್ರು. 2022ರಲ್ಲಿ ಏನಾಯ್ತು ಅಂದ್ರೆ 2015ರಲ್ಲಿ ಹುಟ್ಟಿದ ದೊಡ್ಡ ಗುಂಪು ಸರಿಯಾಗಿ ಆ ಅಳತೆಗೆ ಬಂತು, ಹವ್ಯಾಸಿಗಳು ಮನೆಗೆ ಒಯ್ದಿದ್ದು ಹಿಂದಿನ ವರ್ಷಕ್ಕಿಂತ ಹತ್ತಿರತ್ತಿರ ಎರಡರಷ್ಟಾಯ್ತು, ಉಳಿದಿರೋ ಒಂದೇ ಒಳ್ಳೆ ಗುಂಪನ್ನ ನಾವೇ ಮುಗಿಸ್ತಿದ್ದೀವಿ ಅಂತ ಗೊತ್ತಾಗಿ 2023ರ ಮೇ ತಿಂಗಳಲ್ಲಿ ತುರ್ತಾಗಿ 31ಕ್ಕೆ ಇಳಿಸಿದ್ರು, 2024ರಲ್ಲಿ ಅದನ್ನೇ ಖಾಯಂ ಮಾಡಿ ಚೆಸಪೀಕ್ ಒಳಗೆ 19ರಿಂದ 24 ಇಂಚು ಅಂತ ಇಟ್ರು. ಎರಡೂ ಕಡೆ ದಿನಕ್ಕೆ ಒಬ್ಬರಿಗೆ ಒಂದೇ ಮೀನು. ಅಳೆಯೋವಾಗ ಬಾಯಿ ಮುಚ್ಚಿ, ಬಾಲದ ಎರಡು ತುದಿ ಒಟ್ಟಿಗೆ ಒತ್ತಿ ಹಿಡಿದು ನೇರ ಗೆರೆಯಲ್ಲಿ ಅಳೀಬೇಕು.

ರಾಜ್ಯದಿಂದ ರಾಜ್ಯಕ್ಕೆ ಸೀಸನ್ ಬೇರೆ, ಪರ್ಮಿಟ್ ಬೇರೆ. ನ್ಯೂಜೆರ್ಸಿಯಲ್ಲಿ ಸಮುದ್ರದ ಗಾಳಕ್ಕೆ ದುಡ್ಡಿಲ್ಲ, ಹೆಸರು ನೋಂದಾಯಿಸಿದ್ರೆ ಸಾಕು. ಹೋಗೋ ಮುಂಚೆ ಆ ರಾಜ್ಯದ ವೆಬ್‌ಸೈಟ್ ನೋಡ್ಕೊಳ್ಳಿ, ವರ್ಷದ ಮಧ್ಯದಲ್ಲೂ ಬದಲಾಗತ್ತೆ.

ಗಾಳದವರೆಲ್ಲ ಇದಕ್ಕೆ ಒಪ್ತಾರಾ?

ಎಲ್ಲಿ ಒಪ್ತಾರೆ. ಒಂದು ಕಡೆ ಗೈಡ್‌ಗಳು, ದಡದಲ್ಲಿ ನಿಂತು ಹಿಡಿಯೋರು, ಫ್ಲೈ ಗಾಳದವರು, ಇವರಲ್ಲಿ ತುಂಬಾ ಜನ ಇನ್ನೂ ಬಿಗಿ ಮಾಡಿ ಅಂತಾರೆ, ಅಮೆರಿಕನ್ ಸಾಲ್ಟ್‌ವಾಟರ್ ಗೈಡ್ಸ್ ಅಸೋಸಿಯೇಷನ್‌ನೋರು ಪ್ರತಿ ಮೀಟಿಂಗಲ್ಲೂ ಬಂದು ಮಾತಾಡ್ತಾರೆ. ಸ್ಟ್ರೈಪರ್ಸ್ ಫಾರೆವರ್‌ನೋರು ಹತ್ತು ವರ್ಷ ಮೀನು ಇಟ್ಕೊಳ್ಳೋದನ್ನ ಬಂದ್ ಮಾಡಿ ಅಂತ ಕೇಳಿದೋರು. ಇನ್ನೊಂದು ಕಡೆ ಚಾರ್ಟರ್ ಬೋಟ್‌ನೋರು, ದುಡ್ಡು ಕೊಟ್ಟು ಬರೋ ಗಿರಾಕಿ ಸಂಜೆ ಮನೆಗೆ ಒಂದು ಮೀನಾದ್ರೂ ತಗೊಂಡು ಹೋಗ್ಬೇಕು ಅಂತ ಬಯಸ್ತಾನೆ, ಅದಿಲ್ಲದಿದ್ರೆ ಬೋಟಿನ ಸಾಲ ಕಟ್ಟೋದು ಹೇಗೆ ಅಂತಾರೆ. ಗಾಳದ ಸಾಮಾನಿನ ಅಂಗಡಿಯೋರಿಗೂ ವಸಂತದ ವ್ಯಾಪಾರ ನಿಂತಿರೋದೇ ಸ್ಟ್ರೈಪರ್ ಮೇಲೆ. ಇವರ ಕಷ್ಟ ಸುಳ್ಳಲ್ಲ.

ಬಹಳ ಜಗಳ ಇರೋದು ಹಿಡಿಯೋಕೆ ಪ್ರಯತ್ನಾನೇ ಮಾಡಬಾರದು ಅನ್ನೋ ಥರದ ಬಂದ್ ಬಗ್ಗೆ. ಬರೀ ಇಟ್ಕೊಳ್ಳೋದನ್ನ ನಿಲ್ಸಿದ್ರೆ ಬಿಡೋವಾಗ ಸಾಯೋದು ನಿಲ್ಲಲ್ಲ, ಗಾಳ ಹಾಕೋದನ್ನೇ ನಿಲ್ಸಿದ್ರೆ "ನಾನು ಬ್ಲೂಫಿಶ್‌ಗೆ ಹಾಕಿದ್ದೆ, ಇದು ಬಿತ್ತು" ಅನ್ನೋನನ್ನ ವಾರ್ಡನ್ ಹೇಗೆ ಹಿಡಿಯೋದು? 2024ರ ಡಿಸೆಂಬರ್ ಮೀಟಿಂಗಲ್ಲಿ 2025ಕ್ಕೆ ಹೊಸ ಕಡಿತ ಬೇಡ ಅಂತ ಕಮಿಷನ್‌ನ ಸ್ಟ್ರೈಪ್ಡ್ ಬಾಸ್ ಬೋರ್ಡ್ ನಿರ್ಧಾರ ಮಾಡ್ತು, 2025ರ ಅಕ್ಟೋಬರ್‌ನಲ್ಲಿ 12% ಕಡಿತದ ಪ್ರಸ್ತಾಪ ಬಂದಾಗ ಅದನ್ನೂ ಒಪ್ಪಲಿಲ್ಲ. ಮರಿಗಳ ಸಾಲು ಅಷ್ಟು ಖಾಲಿ ಇರೋವಾಗ ಕಾಯೋದು ತಪ್ಪು ಅಂತಾನೇ ನನ್ನ ಅಭಿಪ್ರಾಯ. ಬೋರ್ಡ್ ಮಾಡ್ಲಿ ಬಿಡ್ಲಿ, ಎಷ್ಟೋ ಜನ ತಾವಾಗೇ ಮಾಡ್ಕೊಂಡಿರೋದಿದೆ, ಸ್ಲಾಟ್ ಮೀನು ಸಿಕ್ಕಿದ್ರೂ ಬಿಡೋರು, ನಾಲ್ಕೈದು ಸಿಕ್ಕಿದ್ಮೇಲೆ ರಾಡು ಮಡಚಿ ಹೋಗೋರು, ನೀರು ಬಿಸಿ ಆದ ಕೂಡ್ಲೇ ಫ್ಲೂಕ್‌ಗೋ ಬ್ಲೂಫಿಶ್‌ಗೋ ಹೋಗೋರು.

ಬೇಸಿಗೆಯಲ್ಲಿ ಹಿಡೀಬಾರ್ದಾ?

ಕೊಲ್ಲಿ, ನದಿಮುಖಗಳಲ್ಲಿ ನೀರು ತುಂಬಾ ಬಿಸಿ ಇದ್ರೆ ಬೇಡ. ಮೇರಿಲ್ಯಾಂಡ್‌ನೋರು ಬೇಸಿಗೆಯಲ್ಲಿ ದಿನಕ್ಕೊಂದು ಬಣ್ಣದ ಬಾವುಟ ಹಾಕ್ತಾರೆ, ಹಸಿರು, ಹಳದಿ, ಕೆಂಪು. ಗಾಳಿ 95 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟೋ ದಿನ ಕೆಂಪು, ಅವತ್ತು ಸ್ಟ್ರೈಪರ್‌ಗೆ ಗಾಳ ಹಾಕ್ಬೇಡಿ ಅಂತ ಅರ್ಥ. ಬೇರೆ ರಾಜ್ಯದಲ್ಲಿದ್ರೂ ಇದೇ ಲೆಕ್ಕ ಇಟ್ಕೊಳ್ಳಬಹುದು, ಹೋಗಲೇಬೇಕು ಅಂದ್ರೆ ಬೆಳಗಿನ ಜಾವ ಹೋಗಿ.

ಹಾಗಾದ್ರೆ ತಿನ್ನಲೇಬಾರ್ದಾ?

ಕಾನೂನಿನ ಒಳಗೆ ಒಂದು ತಿಂದ್ರೆ ಅದರಲ್ಲಿ ಪಾಪ ಏನಿಲ್ಲ, ಹಿಡಿದು ತಿನ್ನೋದು ತಪ್ಪು ಅನ್ನೋ ಜನದ ಮಾತು ನನಗೆ ಇಷ್ಟ ಆಗಲ್ಲ. ತಿನ್ನೋದಾದ್ರೆ ಅವತ್ತಿನ ಗಾಳ ಅಲ್ಲಿಗೇ ಮುಗಿಸಿ, ತಗೊಂಡ ಮೇಲೂ ಇನ್ನೂ ಇಪ್ಪತ್ತು ಹಿಡಿದು ಬಿಡ್ತಾ ಕೂತ್ರೆ ಸಾಯಿಸಿದ್ದು ಒಂದಲ್ಲ. ಹಡ್ಸನ್ ಮೀನಲ್ಲಿ ಪಿಸಿಬಿ ಅನ್ನೋ ವಿಷ ಸೇರಿ 1976ರಲ್ಲೇ ಅಲ್ಲಿ ಮಾರಾಟಕ್ಕೆ ಹಿಡಿಯೋದು ನಿಲ್ಸಿದ್ರು, ಇವತ್ತಿಗೂ ಮಕ್ಕಳು, ಬಸುರಿಯರು ತಿನ್ನೋ ಬಗ್ಗೆ ರಾಜ್ಯಗಳ ಎಚ್ಚರಿಕೆ ಇದೆ, ಅದನ್ನ ಓದ್ಕೊಳ್ಳಿ.

ನಮ್ಮೂರಲ್ಲಿ ಇಂಥದ್ದೇನಾದ್ರೂ ಆಗಿದ್ಯಾ?

ಕಾವೇರಿಯ ಮಹಸೀರ್. ಭೀಮೇಶ್ವರಿ, ಗಾಳಿಬೋರೆ, ದೊಡ್ಡಮಕಳಿ ಕ್ಯಾಂಪುಗಳಲ್ಲಿ ಹಿಡಿದು ಬಿಡೋ ಗಾಳ ವರ್ಷಗಟ್ಟಲೆ ನಡೀತು, ಆಮೇಲೆ ಅರಣ್ಯ ಪ್ರದೇಶದಲ್ಲಿ ನಿಂತು ಹೋಯ್ತು. ಗಾಳಿಬೋರೆಯಲ್ಲಿ 1998ರಿಂದ 2012ರ ತನಕ ಗಾಳದವರು ಬರೆದಿಟ್ಟ ದಾಖಲೆ ನೋಡಿದಾಗಲೇ ವಿಜ್ಞಾನಿಗಳಿಗೆ ಗೊತ್ತಾಗಿದ್ದು, ಮೀನಿನ ಸಂಖ್ಯೆ ಏರ್ತಿದ್ರೂ ಕಾವೇರಿಯದ್ದೇ ಆದ ಗೂನು ಬೆನ್ನಿನ ಮಹಸೀರ್ ಮರೆಯಾಗಿ ಹೊರಗಿಂದ ತಂದು ಬಿಟ್ಟ ಇನ್ನೊಂದು ಜಾತಿ ಆ ಜಾಗ ತುಂಬ್ತಿದೆ ಅಂತ. 2018ರಲ್ಲಿ ಆ ಗೂನು ಬೆನ್ನಿನ ಮಹಸೀರ್ ಅಳಿವಿನಂಚಿನ ಅತಿ ಗಂಭೀರ ಪಟ್ಟಿಗೆ ಸೇರ್ತು. ಗಾಳದವರು ಬರೆದಿಡೋ ಒಂದು ನೋಟ್‌ಬುಕ್‌ಗೆ ಎಷ್ಟು ಬೆಲೆ ಇದೆ ಅಂತ ಅದರಿಂದ ಗೊತ್ತಾಗತ್ತೆ.

2029ಕ್ಕೆ ಸರಿಹೋಗತ್ತಾ?

ಅದು ಕಮಿಷನ್ ಇಟ್ಕೊಂಡಿರೋ ಗಡುವು. ಈಗಿರೋ ದೊಡ್ಡ ಮೀನುಗಳ ಲೆಕ್ಕದಲ್ಲಿ ಗುರಿ ಹತ್ತಿರ ಹೋಗಬಹುದು, ಆದ್ರೆ 2019ರಿಂದ ಹುಟ್ಟಿದ ತೆಳು ಸಾಲುಗಳು ಮೊಟ್ಟೆ ಇಡೋ ವಯಸ್ಸಿಗೆ ಬರೋದು ಅದೇ ಹೊತ್ತಿಗೆ, ಹಾಗಾಗಿ 2029 ಮುಟ್ಟಿದ್ರೂ ಆಮೇಲೆ ಮತ್ತೆ ಇಳಿಯೋ ಭಯ ಇದ್ದೇ ಇದೆ. ಚಳಿ ಮಳೆ ಎರಡೂ ಚೆನ್ನಾಗಿರೋ ಒಂದು ವಸಂತ ಬರೋ ತನಕ 2015, 2018ರ ಹೆಣ್ಣುಗಳು ಬದುಕಿರಬೇಕು.

ಮೀನಿನ ಹೊಟ್ಟೆ ಪಕ್ಕ ಟ್ಯಾಗ್ ನೇತಾಡ್ತಿತ್ತು, ಏನ್ ಮಾಡೋದು?

ಅದು ಸಂಶೋಧನೆಗೆ ಹಾಕಿರೋದು, 1980ರ ದಶಕದಿಂದ ಅಮೆರಿಕದ ಕೇಂದ್ರ ಸರ್ಕಾರದ ಫಿಶ್ ಅಂಡ್ ವೈಲ್ಡ್‌ಲೈಫ್ ಸರ್ವಿಸ್‌ನೋರು ರಾಜ್ಯಗಳ ಜೊತೆ ಸೇರಿ ಹಾಕ್ತಾ ಬಂದಿದ್ದಾರೆ. ಟ್ಯಾಗ್ ಮೇಲೆ ನಂಬರ್ ಇರತ್ತೆ, ಫೋನ್ ನಂಬರೂ ಇರತ್ತೆ. ಪಾಚಿ ಕಟ್ಟಿದ್ರೆ ಬೆರಳಲ್ಲಿ ಒರೆಸಿ ಟ್ಯಾಗ್‌ನದ್ದೇ ಒಂದು ಫೋಟೋ ತಗೊಳ್ಳಿ, ಮೀನಿನ ಉದ್ದ, ದಿನ, ಜಾಗ, ಬಿಟ್ರಾ ಇಟ್ಕೊಂಡ್ರಾ ಅನ್ನೋದು, ಇಷ್ಟನ್ನ ಮನೆಗೆ ಬಂದು ಫೋನ್ ಮಾಡಿ ಹೇಳಿ. ಆ ಮೀನಿಗೆ ಎಲ್ಲಿ, ಯಾವ ವರ್ಷ ಟ್ಯಾಗ್ ಹಾಕಿದ್ರು ಅಂತ ನಿಮಗೂ ತಿಳಿಸ್ತಾರೆ.